ಅರಿಶಿನ ಬೇರೆ, ಅರಿಶಿನದ ಗುಳಿಗೆ ಬೇರೆ

ಮೊಣಕಾಲು ನೋವು, ಸೊಂಟದ ನೋವು, ಬೆರಳ ಸಂದುಗಳ ಬಾವು ಇವು ಐವತ್ತು ದಾಟಿದ ಅನೇಕ ಭಕ್ತರನ್ನು ಹಗಲಿರುಳು ಕಾಡುವ ಬಾಧೆಗಳು. ಹೊಲದಲ್ಲಿ, ಮಗ್ಗದಲ್ಲಿ, ಒಲೆಯ ಮುಂದೆ ದಶಕಗಟ್ಟಲೆ ದುಡಿದ ದೇಹ ಒಂದು ದಿನ ತನ್ನ ಲೆಕ್ಕವನ್ನು ಕೇಳಿಯೇ ಕೇಳುತ್ತದೆ. ಇಂಥವರ ಕೈಯಲ್ಲಿ ಈಚಿನ ವರ್ಷಗಳಲ್ಲಿ ಹೊಸದೊಂದು ವಸ್ತು ಕಾಣಿಸಿಕೊಂಡಿದೆ. ಅದು ಅರಿಶಿನದ ಸಾರವನ್ನು ತುಂಬಿದ ಗುಳಿಗೆಗಳ ಡಬ್ಬಿ. ನಗರದಲ್ಲಿರುವ ಮಕ್ಕಳು ಪ್ರೀತಿಯಿಂದ ತಂದುಕೊಟ್ಟದ್ದು, ನೆರೆಯವರು ಹೇಳಿದ್ದು, ಮೊಬೈಲಿನಲ್ಲಿ ಜಾಹೀರಾತು ನೋಡಿ ತರಿಸಿಕೊಂಡದ್ದು, ಹೀಗೆ ಹಲವು ದಾರಿಗಳಿಂದ ಅದು ಮನೆ ಸೇರುತ್ತಿದೆ. ಅದರೊಡನೆ ಒಂದು ಮಾತೂ ಬರುತ್ತದೆ: "ಅರಿಶಿನವಲ್ಲವೇ, ಅದರಿಂದೇನು ಅಪಾಯ?"

ಈ ಮಾತನ್ನು ಒರೆಗೆ ಹಚ್ಚುವುದು ಅಗತ್ಯವೆಂದು ನಾವು ಭಾವಿಸುತ್ತೇವೆ. ನಮ್ಮ ಅಭಿಪ್ರಾಯವನ್ನು ಆರಂಭದಲ್ಲಿಯೇ ಸ್ಪಷ್ಟವಾಗಿ ಹೇಳಿಬಿಡುತ್ತೇವೆ. ದಾಸೋಹದ ಸಾರಿನಲ್ಲಿ ಬೀಳುವ ಅರಿಶಿನ ಆಹಾರ. ಗುಳಿಗೆಯೊಳಗೆ ಸಾಂದ್ರಗೊಂಡಿರುವ ಅರಿಶಿನದ ಸಾರ ಔಷಧ. ಮೊದಲನೆಯದರ ಮೇಲೆ ನಮಗಿರುವ ನಂಬಿಕೆಯನ್ನು ಎರಡನೆಯದಕ್ಕೆ ಪರೀಕ್ಷೆಯಿಲ್ಲದೆ ವರ್ಗಾಯಿಸುವುದು ಸರಿಯಲ್ಲ. ಔಷಧಕ್ಕೆ ಸಲ್ಲಬೇಕಾದ ಎಚ್ಚರ ಔಷಧಕ್ಕೆ ಸಲ್ಲಬೇಕು.

ಮೊದಲು ಉರಿಯೂತವೆಂದರೇನು ಎಂಬುದನ್ನು ಅರಿಯೋಣ. ಕಾಲಿಗೆ ಮುಳ್ಳು ಚುಚ್ಚಿದಾಗ ಆ ಜಾಗ ಕೆಂಪಾಗುತ್ತದೆ, ಬಿಸಿಯಾಗುತ್ತದೆ, ಊದಿಕೊಳ್ಳುತ್ತದೆ, ನೋಯುತ್ತದೆ. ಗಾಯವಾದೆಡೆಗೆ ರಕ್ತದ ಹರಿವನ್ನು ಹೆಚ್ಚಿಸಿ, ರಕ್ಷಣೆಯ ಕಣಗಳನ್ನು ಕರೆತಂದು, ಹಾಳಾದುದನ್ನು ತೆಗೆದು ಹೊಸದನ್ನು ಕಟ್ಟುವ ದೇಹದ ಸಹಜ ವ್ಯವಸ್ಥೆಯಿದು. ಕೆಲಸ ಮುಗಿದೊಡನೆ ಅದು ತಾನಾಗಿಯೇ ಶಮನವಾಗಬೇಕು. ಹಾಗೆ ಶಮನವಾಗದೆ ಉಳಿದಾಗ, ಅಥವಾ ಕಾರಣವಿಲ್ಲದೆ ದೇಹ ತನ್ನ ಕೀಲುಗಳ ಮೇಲೆಯೇ ಎರಗಿದಾಗ, ಕಾಯುವ ಬೆಂಕಿಯೇ ಮನೆಯನ್ನು ಸುಡತೊಡಗುತ್ತದೆ. ರುಮಟಾಯ್ಡ್ ಸಂಧಿವಾತದಲ್ಲಿ ಆಗುವುದು ಇದೇ. ಸಸ್ಯಗಳಿಂದ ಬೇರ್ಪಡಿಸಿದ ಉರಿಯೂತ ಶಮನಕಾರಿಗಳು ಈ ವ್ಯವಸ್ಥೆಯ ಯಾವುದಾದರೊಂದು ಕೊಂಡಿಯನ್ನು ತಡೆಯುತ್ತವೆ. ಆ ಕೊಂಡಿಗೆ ದೇಹದಲ್ಲಿ ಬೇರೆ ಕೆಲಸಗಳೂ ಇರುತ್ತವೆ. ಮುಂದಿನ ಎಲ್ಲ ಮಾತಿಗೂ ಇದೇ ಆಧಾರ.

ಆಸ್ಪಿರಿನ್ನಿನ ಚರಿತ್ರೆ ಇದಕ್ಕೆ ಸ್ಪಷ್ಟ ನಿದರ್ಶನ. 1763ರಲ್ಲಿ ಇಂಗ್ಲೆಂಡಿನ ಪಾದ್ರಿ ಎಡ್ವರ್ಡ್ ಸ್ಟೋನ್ ಅವರು ವಿಲೋ ಮರದ ತೊಗಟೆಯನ್ನು ಒಣಗಿಸಿ ಪುಡಿಮಾಡಿ ಸುಮಾರು 50 ಜ್ವರಪೀಡಿತರಿಗೆ ಕೊಟ್ಟು, ಅದರ ಫಲವನ್ನು ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರಮುಖೇನ ತಿಳಿಸಿದರು. 1828ರಲ್ಲಿ ಮ್ಯೂನಿಕ್ ನಗರದ ಯೋಹಾನ್ ಬುಕ್ನರ್ ಅವರು ಆ ತೊಗಟೆಯಿಂದ ಕಹಿಯಾದ ಹರಳುಗಳನ್ನು ಬೇರ್ಪಡಿಸಿ ಅದನ್ನು ಸ್ಯಾಲಿಸಿನ್ ಎಂದು ಕರೆದರು. ಅದರಿಂದ ಪಡೆದ ಸ್ಯಾಲಿಸಿಲಿಕ್ ಆಮ್ಲ ನೋವನ್ನು ಇಳಿಸುತ್ತಿತ್ತು, ಹೊಟ್ಟೆಯನ್ನು ಕೆಡಿಸುತ್ತಿತ್ತು. 1897ರಲ್ಲಿ ಜರ್ಮನಿಯ ಬೇಯರ್ ಸಂಸ್ಥೆಯಲ್ಲಿ ಫೆಲಿಕ್ಸ್ ಹಾಫ್‌ಮನ್ ಅವರು ಆ ಆಮ್ಲದ ರೂಪವನ್ನು ಕೊಂಚ ಮಾರ್ಪಡಿಸಿ ಶುದ್ಧವಾಗಿ ತಯಾರಿಸಿದರು. 1899ರಲ್ಲಿ ಅದು ಆಸ್ಪಿರಿನ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದಿತು. ಅದು ಕೆಲಸ ಮಾಡುವ ಬಗೆ ತಿಳಿದದ್ದು ಮಾತ್ರ 1971ರಲ್ಲಿ. ಉರಿಯೂತವನ್ನು ಪ್ರಚೋದಿಸುವ ಪ್ರೋಸ್ಟಾಗ್ಲಾಂಡಿನ್ ಎಂಬ ರಾಸಾಯನಿಕಗಳ ತಯಾರಿಕೆಯನ್ನು ಆಸ್ಪಿರಿನ್ ತಡೆಯುತ್ತದೆಂದು ಜಾನ್ ವೇನ್ ಅವರು ತೋರಿಸಿಕೊಟ್ಟರು. 1982ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ ಮೂವರಲ್ಲಿ ಅವರೂ ಒಬ್ಬರು.

ಅದೇ ಪ್ರೋಸ್ಟಾಗ್ಲಾಂಡಿನ್ ಹೊಟ್ಟೆಯ ಒಳಪೊರೆಯನ್ನೂ ಕಾಯುತ್ತದೆ. ಆದುದರಿಂದ ಕೀಲಿನ ನೋವನ್ನು ಇಳಿಸುವ ಕ್ರಿಯೆಯೇ ಹೊಟ್ಟೆಯಲ್ಲಿ ಹುಣ್ಣನ್ನೂ ತರಬಲ್ಲದು. ಗುಣ ಒಂದು ಕಡೆಯಿಂದ, ದೋಷ ಇನ್ನೊಂದು ಕಡೆಯಿಂದ ಬರುವುದಿಲ್ಲ. ಎರಡೂ ಒಂದೇ ಬೇರಿನಿಂದ ಹುಟ್ಟುತ್ತವೆ. "ಇಂಗ್ಲಿಷ್ ಮಾತ್ರೆಗೆ ಅಡ್ಡಪರಿಣಾಮವಿದೆ, ಗಿಡಮೂಲಿಕೆಗೆ ಇಲ್ಲ" ಎನ್ನುವವರು, ಆಸ್ಪಿರಿನ್ನಿನ ಮೂಲಪುರುಷ ಒಂದು ಮರದ ತೊಗಟೆಯೆಂಬುದನ್ನು ನೆನೆಯಬೇಕು.

ಎರಡನೆಯ ನಿದರ್ಶನ ನಮ್ಮ ಬೇಲಿಗಳಲ್ಲಿಯೇ ಇದೆ. ಮಳೆಗಾಲದಲ್ಲಿ ಕೆಂಪು ಹಳದಿ ಜ್ವಾಲೆಗಳಂತೆ ಅರಳುವ ಗೌರಿ ಹೂವಿನ ಬಳ್ಳಿಯನ್ನು ಕಾಣದವರು ವಿರಳ. ಅಗ್ನಿಶಿಖೆ, ಅಕ್ಕತಂಗಿ ಬಳ್ಳಿ ಎಂಬ ಹೆಸರುಗಳೂ ಅದಕ್ಕುಂಟು. ಅದರ ಗಡ್ಡೆಯಲ್ಲಿಯೂ ಬೀಜದಲ್ಲಿಯೂ ಕೊಲ್ಚಿಸಿನ್ ಎಂಬ ವಸ್ತುವಿದೆ. 1820ರಲ್ಲಿ ಫ್ರಾನ್ಸಿನ ಪೆಲೆಟಿಯೆ ಮತ್ತು ಕವಾಂತು ಎಂಬ ರಸಾಯನಜ್ಞರು ಇದನ್ನು ಯೂರೋಪಿನ ಕೊಲ್ಚಿಕಮ್ ಎಂಬ ಸಸ್ಯದಿಂದ ಬೇರ್ಪಡಿಸಿದರು. ಯೂರಿಕ್ ಆಮ್ಲದ ಹರಳುಗಳು ಕೀಲುಗಳಲ್ಲಿ ಶೇಖರವಾಗಿ ಬರುವ ಗೌಟ್ ಎಂಬ ದಾರುಣ ನೋವಿಗೆ ಅರ್ಧ ಮಿಲಿಗ್ರಾಂ ಪ್ರಮಾಣದ ಕೊಲ್ಚಿಸಿನ್ ಮಾತ್ರೆ ಇಂದಿಗೂ ವೈದ್ಯರ ಕೈಯಲ್ಲಿರುವ ಉತ್ತಮ ಮದ್ದು. ಆದರೆ ಅದೇ ಬಳ್ಳಿಯ ಗಡ್ಡೆಯನ್ನು ಗೆಣಸೆಂದು ಭ್ರಮಿಸಿ ತಿಂದವರು ವಾಂತಿ ಭೇದಿಯಿಂದ ತೊಡಗಿ ಅಂಗಾಂಗಗಳೆಲ್ಲ ಸೋತು ಪ್ರಾಣ ಕಳೆದುಕೊಂಡಿದ್ದಾರೆ.

ಮದ್ದಿಗೂ ವಿಷಕ್ಕೂ ಇಲ್ಲಿ ಇರುವ ಅಂತರ ಪ್ರಮಾಣವೊಂದೇ. ಒಂದು ಗಡ್ಡೆಯಲ್ಲಿ ಎಷ್ಟು ಕೊಲ್ಚಿಸಿನ್ ಇದೆಯೆಂದು ಕಣ್ಣಿನಿಂದ ಹೇಳಲಾಗದು. ಮಣ್ಣು, ಮಳೆ, ಬಳ್ಳಿಯ ವಯಸ್ಸು ಇವುಗಳಿಗೆ ತಕ್ಕಂತೆ ಅದು ಬದಲಾಗುತ್ತದೆ. ಸಾರವನ್ನು ಬೇರ್ಪಡಿಸಿ ತೂಗಿ ಮಾತ್ರೆ ಮಾಡಿದ ಮೇಲೆಯೇ ಅದು ನೆಚ್ಚಬಹುದಾದ ಔಷಧವಾಯಿತು. ಸಸ್ಯದಿಂದ ಸಾರವನ್ನು ಬೇರ್ಪಡಿಸುವ ವಿದ್ಯೆಯನ್ನು ನಾವು ಗೌರವಿಸುವುದು ಈ ಕಾರಣಕ್ಕೆ. ನಮ್ಮ ಆಕ್ಷೇಪ ಆ ವಿದ್ಯೆಯ ಮೇಲಿಲ್ಲ. ತೂಕವನ್ನೂ ಪರೀಕ್ಷೆಯನ್ನೂ ಬದಿಗಿಟ್ಟು, ಗಿಡದ ಹೆಸರನ್ನಷ್ಟೇ ಮುಂದಿಟ್ಟು ಮಾರುವ ವ್ಯಾಪಾರದ ಮೇಲಿದೆ.

ಇನ್ನು ಅರಿಶಿನಕ್ಕೆ ಬರೋಣ. ಕೊಲ್ಚಿಸಿನ್ನನ್ನು ಬೇರ್ಪಡಿಸುವ ಐದು ವರ್ಷ ಮೊದಲೇ, 1815ರಲ್ಲಿ, ಅದೇ ಪೆಲೆಟಿಯೆ ಅವರು ವೋಗೆಲ್ ಎಂಬವರೊಡನೆ ಸೇರಿ ಅರಿಶಿನದಿಂದ ಅದರ ಹಳದಿ ಬಣ್ಣದ ಅಂಶವನ್ನು ತೆಗೆದಿದ್ದರು. ಅದೇ ಕರ್ಕ್ಯುಮಿನ್. ಅದರ ರಾಸಾಯನಿಕ ರಚನೆ 1910ರಲ್ಲಿ ತಿಳಿಯಿತು. ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಬೆಳೆಸಿದ ಜೀವಕೋಶಗಳ ಮೇಲೆ ಇದನ್ನು ಹಾಕಿದಾಗ, ಉರಿಯೂತದ ಆಜ್ಞೆಗಳನ್ನು ಹೊರಡಿಸುವ ಮುಖ್ಯ ಕೀಲಿಯೊಂದನ್ನು ಇದು ತಡೆಯುತ್ತದೆಂದು 1990ರ ದಶಕದಲ್ಲಿ ಕಂಡುಬಂದಿತು. ಅಲ್ಲಿಂದಾಚೆಗೆ ಕರ್ಕ್ಯುಮಿನ್ ಕುರಿತು ಸಾವಿರಾರು ಪ್ರಬಂಧಗಳು ಬಂದಿವೆ. ಜಾಹೀರಾತುಗಳು ಹೇಳುವ "ವಿಜ್ಞಾನ ಒಪ್ಪಿದೆ" ಎಂಬ ಮಾತಿನ ಬೇರು ಇಲ್ಲಿದೆ.

ಆದರೆ ಗಾಜಿನ ತಟ್ಟೆಗೂ ಮನುಷ್ಯನ ಮೊಣಕಾಲಿಗೂ ನಡುವೆ ದೊಡ್ಡ ದಾರಿಯಿದೆ. ಕರ್ಕ್ಯುಮಿನ್ ನೀರಿನಲ್ಲಿ ಕರಗುವುದು ಅತ್ಯಲ್ಪ, ಕರುಳಿನಿಂದ ರಕ್ತಕ್ಕೆ ಸೇರುವುದು ಇನ್ನೂ ಅಲ್ಪ. ಸೇರಿದಷ್ಟನ್ನೂ ಕರುಳು ಮತ್ತು ಯಕೃತ್ತು ಬೇಗನೆ ರೂಪಾಂತರಿಸಿ ಹೊರಗೆ ಕಳುಹಿಸುತ್ತವೆ. ಈ ತೊಡಕಿಗೆ ಪರಿಹಾರ ಹುಡುಕಿದ ಪ್ರಸಿದ್ಧ ಅಧ್ಯಯನವೊಂದು ನಮ್ಮ ಬೆಂಗಳೂರಿನದೇ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಔಷಧಶಾಸ್ತ್ರ ವಿಭಾಗದವರು 1998ರಲ್ಲಿ ಅದನ್ನು ಪ್ರಕಟಿಸಿದರು. ಆರೋಗ್ಯವಂತ ಸ್ವಯಂಸೇವಕರಿಗೆ 2 ಗ್ರಾಂ ಕರ್ಕ್ಯುಮಿನ್ ಕೊಟ್ಟಾಗ ರಕ್ತದಲ್ಲಿ ಅದು ಕಂಡದ್ದು ಇಲ್ಲವೆಂಬಷ್ಟು ಕಡಿಮೆ. ಅದರೊಡನೆ ಕರಿಮೆಣಸಿನ ಸಾರವಾದ ಪಿಪೆರಿನ್ನನ್ನು ಕೇವಲ 20 ಮಿಲಿಗ್ರಾಂ ಸೇರಿಸಿದಾಗ ಲಭ್ಯತೆ ಶೇಕಡ 2000ದಷ್ಟು ಏರಿತು. ಇಂದು ದೇಶವಿದೇಶಗಳ ಡಬ್ಬಿಗಳ ಮೇಲೆ ಮೆಣಸಿನ ಚಿತ್ರ ಕಾಣುವುದು ಇದರಿಂದ. ಇಲ್ಲವೆಂಬಷ್ಟು ಕಡಿಮೆಯಾದುದು ಇಪ್ಪತ್ತು ಪಟ್ಟು ಹೆಚ್ಚಿದರೂ ಅದು ಸ್ವಲ್ಪವೇ ಎಂಬುದನ್ನು ಆ ಡಬ್ಬಿಗಳು ಹೇಳುವುದಿಲ್ಲ.

ಮೆಣಸಿನ ಸಾರ ಈ ಕೆಲಸವನ್ನು ಹೇಗೆ ಮಾಡುತ್ತದೆಂಬುದು ಇನ್ನೂ ಮುಖ್ಯವಾದ ಸಂಗತಿ. ಪರಕೀಯ ವಸ್ತುಗಳನ್ನು ರೂಪಾಂತರಿಸಿ ಹೊರಹಾಕುವ ಕರುಳು ಮತ್ತು ಯಕೃತ್ತಿನ ವ್ಯವಸ್ಥೆಯನ್ನು ಅದು ಕೆಲಹೊತ್ತು ಮಂದಗೊಳಿಸುತ್ತದೆ. ಬಾಗಿಲು ಕಾಯುವವನನ್ನು ಮಲಗಿಸಿದರೆ ನಮಗೆ ಬೇಕಾದವರು ಮಾತ್ರ ಒಳಗೆ ಬರುವುದಿಲ್ಲ. ಮೂರ್ಛೆರೋಗದ ಫೆನಿಟಾಯಿನ್, ರಕ್ತದೊತ್ತಡದ ಪ್ರೊಪ್ರನೊಲಾಲ್, ಉಬ್ಬಸದ ಥಿಯೋಫಿಲಿನ್ ಮುಂತಾದ ಔಷಧಗಳ ಪ್ರಮಾಣವನ್ನೂ ಪಿಪೆರಿನ್ ರಕ್ತದಲ್ಲಿ ಏರಿಸುತ್ತದೆಂದು ಅಧ್ಯಯನಗಳು ತೋರಿಸಿವೆ. ಸಾರಿಗೆ ಹಾಕಿದ ನಾಲ್ಕು ಮೆಣಸಿನ ಕಾಳಿಗೆ ಹೆದರಬೇಕಾಗಿಲ್ಲ. ಬೆಳಿಗ್ಗೆ ಮೂರು ಮಾತ್ರೆ, ರಾತ್ರಿ ಎರಡು ಮಾತ್ರೆ ನುಂಗುವ ಹಿರಿಯರು ಅದರ ಸಾಂದ್ರ ಸಾರವನ್ನು ಪ್ರತಿದಿನ, ತಿಂಗಳುಗಟ್ಟಲೆ ಸೇವಿಸುವಾಗ ಮಾತ್ರ ವೈದ್ಯರನ್ನು ಕೇಳದೆ ಮುಂದುವರಿಯಬಾರದು.

ಹಾಗಾದರೆ ಈ ಗುಳಿಗೆಯಿಂದ ಪ್ರಯೋಜನವೇ ಇಲ್ಲವೇ? ಇಲ್ಲವೆಂದರೆ ಅದು ಸತ್ಯಕ್ಕೆ ದೂರವಾದೀತು. 2020ರಲ್ಲಿ ಆಸ್ಟ್ರೇಲಿಯದ ಟಾಸ್ಮೇನಿಯದಲ್ಲಿ ಮೊಣಕಾಲು ಸವೆತದ 70 ಮಂದಿ ರೋಗಿಗಳ ಮೇಲೆ 12 ವಾರಗಳ ಕಾಲ ನಡೆಸಿದ ಪರೀಕ್ಷೆಯ ಫಲಿತಾಂಶ ಪ್ರಕಟವಾಯಿತು. ಅರ್ಧದಷ್ಟು ಮಂದಿಗೆ ಅರಿಶಿನದ ಸಾರ, ಉಳಿದವರಿಗೆ ಅದರಂತೆಯೇ ಕಾಣುವ ಹುಸಿ ಗುಳಿಗೆ. ಯಾರಿಗೆ ಯಾವುದು ಎಂಬುದು ರೋಗಿಗಳಿಗೆ ತಿಳಿದಿರಲಿಲ್ಲ. ಅರಿಶಿನದ ಸಾರ ಪಡೆದವರಲ್ಲಿ ನೋವು ಹೆಚ್ಚು ಇಳಿಯಿತು. ಆದರೆ ಎಂಆರ್‌ಐ ಚಿತ್ರದಲ್ಲಿ ಅಳೆದ ಕೀಲಿನೊಳಗಿನ ಬಾವಿನಲ್ಲಿ ಎರಡು ಗುಂಪುಗಳಿಗೂ ವ್ಯತ್ಯಾಸ ಕಾಣಲಿಲ್ಲ. ಸವೆತದ ನೋವಿಗೆ ಒಂದಿಷ್ಟು ಉಪಶಮನ ದೊರೆಯಬಹುದು ಎಂಬಲ್ಲಿಯವರೆಗೆ ನಾವು ಹೋಗಬಹುದು. ಸವೆದ ಕೀಲನ್ನು ಅದು ಸರಿಪಡಿಸುತ್ತದೆ, ಸಂಧಿವಾತವನ್ನು ಬೇರುಸಹಿತ ಕೀಳುತ್ತದೆ ಎಂಬ ಮಾತಿಗೆ ಇಲ್ಲಿ ಆಧಾರವಿಲ್ಲ.

ಇನ್ನೊಂದು ಬದಿಯ ಲೆಕ್ಕವನ್ನೂ ನೋಡಬೇಕು. ಔಷಧಗಳಿಂದ ಯಕೃತ್ತಿಗೆ ಆಗುವ ಹಾನಿಯನ್ನು ದಾಖಲಿಸುವ ಅಮೆರಿಕದ ವೈದ್ಯರ ಜಾಲವೊಂದು ಅರಿಶಿನದ ಪೂರಕಗಳಿಂದ ಯಕೃತ್ತು ಕೆಟ್ಟ 10 ಪ್ರಕರಣಗಳನ್ನು 2022ರಲ್ಲಿ ವರದಿ ಮಾಡಿತು. ಐವರು ಆಸ್ಪತ್ರೆ ಸೇರಬೇಕಾಯಿತು. ಒಬ್ಬರು ಯಕೃತ್ತಿನ ವೈಫಲ್ಯದಿಂದ ತೀರಿಕೊಂಡರು. ಪರೀಕ್ಷಿಸಿದ 7 ಉತ್ಪನ್ನಗಳಲ್ಲಿಯೂ ಅರಿಶಿನವೇ ಇತ್ತು. ಮೂರರಲ್ಲಿ ಮೆಣಸಿನ ಸಾರವೂ ಇತ್ತು. ಹತ್ತರಲ್ಲಿ ಏಳು ಮಂದಿಗೆ ಒಂದೇ ಬಗೆಯ ವಂಶವಾಹಿ ಇದ್ದಿತೆಂಬುದು ಇನ್ನೂ ಗಮನಾರ್ಹ. ಎಲ್ಲರಿಗೂ ಒಗ್ಗುವುದು ಕೆಲವರಿಗೆ ಹುಟ್ಟಿನಿಂದಲೇ ಒಗ್ಗದಿರಬಹುದು, ಆ ಕೆಲವರು ಯಾರೆಂದು ಮುಖ ನೋಡಿ ಹೇಳಲಾಗದು. 2018ರಲ್ಲಿ ನ್ಯೂಜಿಲೆಂಡಿನ ಔಷಧ ನಿಯಂತ್ರಣ ಸಂಸ್ಥೆಯೂ ಒಂದು ಎಚ್ಚರಿಕೆ ನೀಡಿತು: ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಸೇವಿಸುತ್ತಿದ್ದ ರೋಗಿಯೊಬ್ಬರು ಅರಿಶಿನದ ಉತ್ಪನ್ನವನ್ನು ಆರಂಭಿಸಿದ ಮೇಲೆ ಅವರ ರಕ್ತ ಅಪಾಯಕರ ಮಟ್ಟಕ್ಕೆ ತೆಳುವಾಗಿತ್ತು. ಇಂಥ ಪ್ರಕರಣಗಳು ವಿರಳ. ವಿರಳವೆಂಬುದು ಆ ಮನೆಯವರಿಗೆ ಸಮಾಧಾನವಾಗದು.

"ನಮ್ಮ ಹಿರಿಯರು ಸಾವಿರಾರು ವರ್ಷ ಅರಿಶಿನ ತಿಂದು ಬದುಕಲಿಲ್ಲವೇ?" ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದುದು, ಉತ್ತರ ಸರಳ ಗಣಿತದಲ್ಲಿದೆ. ಅರಿಶಿನ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ನೂರಕ್ಕೆ ಸುಮಾರು ಮೂರು ಭಾಗ. ಒಂದು ಟೀ ಚಮಚ, ಅಂದರೆ ಸುಮಾರು 3 ಗ್ರಾಂ ಪುಡಿಯಲ್ಲಿ 90 ಮಿಲಿಗ್ರಾಂನಷ್ಟು. ಒಬ್ಬರ ದಿನದ ಊಟದಲ್ಲಿ ಒಂದು ಚಮಚ ಅರಿಶಿನ ಸೇರುವುದೂ ಅಪರೂಪ. ಆಹಾರದಲ್ಲಿ ಕರ್ಕ್ಯುಮಿನ್ ಎಷ್ಟಿರಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವ ಆಹಾರ ಸಂಸ್ಥೆಗಳ ಜಂಟಿ ತಜ್ಞ ಸಮಿತಿ ಗೊತ್ತುಪಡಿಸಿರುವ ಮಿತಿ, ದೇಹದ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 3 ಮಿಲಿಗ್ರಾಂ. 60 ಕಿಲೋ ತೂಕದವರಿಗೆ ಅದು 180 ಮಿಲಿಗ್ರಾಂ ಆಗುತ್ತದೆ. ಆದರೆ 500 ಮಿಲಿಗ್ರಾಂ ಸಾರದ ಒಂದು ಗುಳಿಗೆ ಈ ಮಿತಿಯನ್ನು ಒಂದೇ ಗುಟುಕಿಗೆ ದಾಟಬಲ್ಲದು. ದಿನಕ್ಕೆ ಎರಡು ನುಂಗಿರೆಂದು ಡಬ್ಬಿ ಹೇಳುತ್ತದೆ. ಹಿರಿಯರು ತಿಂದದ್ದು ಬೇಳೆ, ತರಕಾರಿ, ಎಣ್ಣೆಗಳೊಡನೆ ಬೆರೆತ ಚಿಟಿಕೆ ಅರಿಶಿನ. ಅವರ ಅನುಭವ ಆ ಚಿಟಿಕೆಗೆ ಸಾಕ್ಷಿ ಹೇಳುತ್ತದೆ, ಈ ಗುಳಿಗೆಗೆ ಹೇಳಲಾರದು.

ಅರಿಶಿನದ ವಿಷಯದಲ್ಲಿ ನಮ್ಮ ದೇಶ ಒಮ್ಮೆ ಸಾಕ್ಷ್ಯದ ಬಲದಿಂದಲೇ ಗೆದ್ದಿತೆಂಬುದನ್ನು ಇಲ್ಲಿ ನೆನೆಯಬೇಕು. ಗಾಯ ಮಾಯಲು ಅರಿಶಿನ ಬಳಸುವ ವಿಧಾನಕ್ಕೆ ಅಮೆರಿಕದ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರ 1995ರಲ್ಲಿ ಪೇಟೆಂಟ್ ಪಡೆದಿತ್ತು. ನಮ್ಮ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ ಅದನ್ನು ಪ್ರಶ್ನಿಸಿತು. "ಇದು ನಮ್ಮ ಅಜ್ಜಿಯಂದಿರಿಗೆಲ್ಲ ಗೊತ್ತು" ಎಂಬ ಮಾತಿನಿಂದ ಕೆಲಸವಾಗಲಿಲ್ಲ. ಹಳೆಯ ಗ್ರಂಥಗಳನ್ನೂ, 1953ರಲ್ಲಿ ಭಾರತೀಯ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬಂದ ಲೇಖನವನ್ನೂ ಒಳಗೊಂಡು ಲಿಖಿತ ಆಧಾರಗಳನ್ನು ಮಂಡಿಸಿದ ಮೇಲೆ 1997ರಲ್ಲಿ ಆ ಪೇಟೆಂಟ್ ರದ್ದಾಯಿತು. ಪರಕೀಯರ ಹಕ್ಕುದಾರಿಕೆಯ ವಿರುದ್ಧ ಅಂದು ನಾವು ಹಿಡಿದ ಅಳತೆಗೋಲನ್ನೇ ಇಂದು ನಮ್ಮವರ ಜಾಹೀರಾತಿಗೂ ಹಿಡಿಯಬೇಕು. ಪುರಾವೆ ಕೇಳುವುದು ಪರಂಪರೆಗೆ ಮಾಡುವ ಅಪಚಾರವಲ್ಲ. ಪರಂಪರೆಯ ಮಾನ ಉಳಿದದ್ದೇ ಪುರಾವೆಯಿಂದ.

ಡಬ್ಬಿಯನ್ನು ಕೈಗೆತ್ತಿಕೊಂಡವರು ಅದರ ಹಿಂಬದಿಯನ್ನೂ ಓದಬೇಕೆಂದು ನಾವು ಕೋರುತ್ತೇವೆ. ಆಹಾರ ಪೂರಕವೆಂದು ಮಾರುವ ಗುಳಿಗೆಗಳ ಮೇಲೆ "ಔಷಧೀಯ ಬಳಕೆಗೆ ಅಲ್ಲ" ಎಂಬರ್ಥದ ಮಾತನ್ನು ಮುದ್ರಿಸಬೇಕೆಂಬುದು ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ. ಮುಂಬದಿಯಲ್ಲಿ ನಲಿದು ಓಡುವ ಮೊಣಕಾಲಿನ ಚಿತ್ರ, ಹಿಂಬದಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಅಕ್ಷರದಲ್ಲಿ ಈ ಮಾತು! ಯಾವುದನ್ನು ನಂಬಬೇಕೆಂಬುದನ್ನು ಓದುಗರೇ ತೀರ್ಮಾನಿಸಲಿ.

ನಮ್ಮನ್ನು ಹೆಚ್ಚು ಚಿಂತೆಗೀಡುಮಾಡುವುದು ಗುಳಿಗೆಯನ್ನು ತೆಗೆದುಕೊಳ್ಳುವುದಕ್ಕಿಂತ, ಅದರ ಭರವಸೆಯಲ್ಲಿ ಬೇರೆಯದನ್ನು ಬಿಟ್ಟುಬಿಡುವುದು. ರುಮಟಾಯ್ಡ್ ಸಂಧಿವಾತಕ್ಕೆ ವೈದ್ಯರು ಕೊಡುವ ಮೆಥೊಟ್ರೆಕ್ಸೇಟ್ ಮುಂತಾದ ಔಷಧಗಳು ನೋವನ್ನು ಇಳಿಸುವುದಷ್ಟೇ ಅಲ್ಲದೆ ಕೀಲುಗಳು ನಾಶವಾಗುವುದನ್ನೂ ತಡೆಯುತ್ತವೆ. ಅವನ್ನು ನಿಲ್ಲಿಸಿ ಅರಿಶಿನದ ಸಾರ ಹಿಡಿದವರಿಗೆ ಕೆಲವು ವಾರ ನೋವು ಹತೋಟಿಯಲ್ಲಿದ್ದಂತೆ ತೋರಬಹುದು. ಒಳಗೆ ಎಲುಬು ಕರಗುತ್ತಲೇ ಇರುತ್ತದೆ. ಒಮ್ಮೆ ಸೊಟ್ಟಗಾದ ಬೆರಳುಗಳು ಮತ್ತೆ ನೇರವಾಗುವುದಿಲ್ಲ. ಇನ್ನು ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳುವವರಲ್ಲಿ ಯಕೃತ್ತಿನ ಪರೀಕ್ಷೆ ಏರುಪೇರಾದರೆ, ತಪ್ಪು ಯಾವುದರದೆಂದು ತಿಳಿಯದೆ ವೈದ್ಯರು ಕತ್ತಲಲ್ಲಿ ತಡಕಾಡಬೇಕಾಗುತ್ತದೆ.

ಆದುದರಿಂದ ಭಕ್ತಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟು. ಅಡುಗೆಯಲ್ಲಿ ಅರಿಶಿನವನ್ನು ಹಿಂದಿನಂತೆಯೇ ನಿಶ್ಚಿಂತೆಯಿಂದ ಬಳಸಿರಿ. ಸಾಧ್ಯವಾದರೆ ಕೊಂಬನ್ನೇ ತಂದು ಪುಡಿಮಾಡಿಸಿರಿ, ಏಕೆಂದರೆ ಹೊಳಪಿಗಾಗಿ ಸೀಸದ ಬಣ್ಣ ಬೆರೆಸುವ ದುಷ್ಟತನ ನೆರೆಯ ಬಾಂಗ್ಲಾದೇಶದಲ್ಲಿ 2019ರಲ್ಲಿ ಬಯಲಾಗಿದೆ. ಗುಳಿಗೆಯ ವಿಷಯದಲ್ಲಿ ಮಾತ್ರ, ವೈದ್ಯರ ಬಳಿ ಹೋಗುವಾಗ ಆ ಡಬ್ಬಿಯನ್ನೂ ಜೊತೆಗೆ ಒಯ್ಯಿರಿ. ರಕ್ತ ತೆಳುಗೊಳಿಸುವ ಮಾತ್ರೆ ಸೇವಿಸುವವರು, ಪಿತ್ತಕೋಶದ ಕಲ್ಲು ಅಥವಾ ಯಕೃತ್ತಿನ ತೊಂದರೆಯುಳ್ಳವರು, ಗರ್ಭಿಣಿಯರು, ಶಸ್ತ್ರಚಿಕಿತ್ಸೆ ಗೊತ್ತಾಗಿರುವವರು ವೈದ್ಯರ ಒಪ್ಪಿಗೆಯಿಲ್ಲದೆ ಅದನ್ನು ಮುಟ್ಟಬೇಡಿರಿ. ಸೇವಿಸುತ್ತಿರುವಾಗ ಹಸಿವು ಕುಗ್ಗಿದರೆ, ಮೂತ್ರ ಗಾಢ ಬಣ್ಣಕ್ಕೆ ತಿರುಗಿದರೆ, ಕಣ್ಣು ಹಳದಿಯಾದರೆ ಅಂದೇ ನಿಲ್ಲಿಸಿ ವೈದ್ಯರನ್ನು ಕಾಣಿರಿ. ವೈದ್ಯರು ಬರೆದುಕೊಟ್ಟ ಮಾತ್ರೆಯನ್ನು ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬೇಡಿರಿ.

ವೈದ್ಯರಲ್ಲಿಯೂ ಒಂದು ವಿನಂತಿಯಿದೆ. "ಬೇರೆ ಏನಾದರೂ ತೆಗೆದುಕೊಳ್ಳುತ್ತೀರಾ?" ಎಂದು ಪ್ರೀತಿಯಿಂದ ಕೇಳಿರಿ, ಗಿಡಮೂಲಿಕೆಯ ಹೆಸರೆತ್ತಿದೊಡನೆ ಗದರಬೇಡಿರಿ. ಗದರಿಸಿಕೊಂಡ ಹಿರಿಯರು ಮುಂದಿನ ಸಲ ಗುಳಿಗೆಯನ್ನು ನಿಲ್ಲಿಸುವುದಿಲ್ಲ, ಹೇಳುವುದನ್ನು ನಿಲ್ಲಿಸುತ್ತಾರೆ. ರೋಗಿಯ ಸಂಕೋಚ ಮತ್ತು ವೈದ್ಯರ ಅಸಹನೆ ಇವೆರಡರ ನಡುವೆ ಆ ಹಳದಿ ಡಬ್ಬಿ ಕಾಣದಂತೆ ಕುಳಿತಿರುತ್ತದೆ. ಅದನ್ನು ಮೇಜಿನ ಮೇಲೆ ಇಟ್ಟು ಇಬ್ಬರೂ ಮಾತಾಡಿದರೆ ಅರ್ಧ ಅಪಾಯ ಅಲ್ಲಿಯೇ ಕಳೆಯುತ್ತದೆ.